ಇಳಿತದ ಹೊತ್ತಿನಲ್ಲಿ ಅಳಿವೆ

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಬೆಳಗ್ಗೆ ಆರೂವರೆಗೆ ನಿಂತವರ ಮೂಗಿಗೆ ಮೊದಲು ಬಡಿಯುವುದು ಮೀನು. ಆಮೇಲೆ ಡೀಸೆಲ್. ಇವೆರಡೂ ಅಭ್ಯಾಸವಾದ ಮೇಲೆ, ಸಮುದ್ರ ಇಳಿಯುವ ಹೊತ್ತಾಗಿದ್ದರೆ, ಮೂರನೆಯ ವಾಸನೆಯೊಂದು ಮೆಲ್ಲಗೆ ಏಳುತ್ತದೆ. ಕೊಳೆತ ಮೊಟ್ಟೆಯಂಥದ್ದು. ನೀರು ಹಿಂದೆ ಸರಿದಂತೆ ದಡದಲ್ಲಿ ತೆರೆದುಕೊಳ್ಳುವ ಕಪ್ಪು ಕೆಸರಿನ ವಾಸನೆ ಅದು. ಬೆಂಗ್ರೆಯ ದೋಣಿಗೆ ಕಾಯುತ್ತಿದ್ದವರು ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ನಾನು ಬಂದದ್ದೇ ಆ ಕೆಸರು ನೋಡಲು.

ಕನ್ನಡದಲ್ಲಿ ಇದಕ್ಕೆ ಎಂಥ ಪದವಿದೆ! ಹೂಳು. ಹೆಸರಾಗಿ ಹೇಳಿದರೆ ನೀರು ಹೊತ್ತು ತಂದು ಬಿಟ್ಟ ಮಣ್ಣು. ಕೆಲಸವಾಗಿ ಹೇಳಿದರೆ ನೆಲದೊಳಗೆ ಮುಚ್ಚಿಡುವುದು. ಕೆರೆಯ ತಳದಲ್ಲಿ, ನದಿಯ ಬಾಯಲ್ಲಿ ನಡೆಯುವುದು ಈ ಎರಡೂ. ಮಣ್ಣು ಬಂದು ಕೂರುತ್ತದೆ. ಕೂರುವಾಗ ತನ್ನ ಜೊತೆ ಬಂದದ್ದನ್ನೆಲ್ಲ ಹೂಳುತ್ತದೆ. ಸೀಸ, ತಾಮ್ರ, ಸತು, ಕ್ರೋಮಿಯಂ, ಕ್ಯಾಡ್ಮಿಯಂ, ಪಾದರಸ ಎಲ್ಲವನ್ನೂ.

ಹಾಗೆ ನೋಡಿದರೆ ಈ ಊರು ತನ್ನ ಮಣ್ಣು ಮರಳುಗಳನ್ನು ಹೆಸರಿನಲ್ಲೇ ಹೊತ್ತುಕೊಂಡಿದೆ. ಹೊಯಿಗೆ ಎಂದರೆ ಮರಳು. ದಕ್ಕೆಯ ಪಕ್ಕದಲ್ಲೇ ಹೊಯಿಗೆ ಬಜಾರ್. ನದಿ ನಡುವೆ ಮಣ್ಣು ಸೇರಿ ದ್ವೀಪವಾದರೆ ಕುದ್ರು, ನದಿ-ಕಡಲುಗಳ ನಡುವೆ ಚಾಚಿದ ಮರಳಿನ ಪಟ್ಟಿ ಬೆಂಗ್ರೆ, ಅದರ ತುದಿ ಕೋಡಿ. ಕಡಲ ಪಕ್ಕದಲ್ಲೇ ಕುಡಿಯುವ ನೀರು ಕೊಟ್ಟ ಬಾವಿಯ ಹೆಸರಿನಲ್ಲಿ ತಣ್ಣೀರುಬಾವಿ. ಸಾವಿರಾರು ಮಳೆಗಾಲಗಳು ಘಟ್ಟವನ್ನು ತೊಳೆದು ತಂದು ಹಾಸಿದ ಮಣ್ಣಿನ ಮೇಲೆ ಇಷ್ಟೂ ಜನ ಮನೆ ಕಟ್ಟಿದ್ದಾರೆ.

ದೋಣಿ ಹೊರಟಿತು. ಎರಡು ನದಿಗಳು ಇಲ್ಲಿ ಬಂದು ಸೇರುವ ರೀತಿಯೇ ಒಂದು ವಿಸ್ಮಯ. ತೆಂಕಣದಿಂದ ನೇತ್ರಾವತಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಸಿಕೊಂಡು, ಅಗಲವಾಗಿ ಬರುತ್ತದೆ. ಬಡಗಣದಿಂದ ಗುರುಪುರ ನದಿ. ಫಲ್ಗುಣಿ ಎಂದೂ ಕರೆಯುತ್ತಾರೆ. ಕೂಳೂರಿನ ಹತ್ತಿರ ಅದು ಕಡಲಿಗೆ ಕೂಗಿದರೆ ಕೇಳುವಷ್ಟು ಸಮೀಪ ಬಂದುಬಿಡುತ್ತದೆ. ಆದರೆ ಸೇರುವುದಿಲ್ಲ. ತೆಂಕಣಕ್ಕೆ ತಿರುಗಿ, ಮರಳಿನ ಪಟ್ಟಿಯೊಂದನ್ನು ನಡುವೆ ಇಟ್ಟುಕೊಂಡು, ಕಡಲಿನ ಜೊತೆಜೊತೆಗೇ ಹಲವು ಕಿಲೋಮೀಟರ್ ನಡೆದು, ನೇತ್ರಾವತಿ ಸಿಕ್ಕ ಮೇಲೆಯೇ ಅಳಿವೆ ಬಾಗಿಲಿನಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಹೀಗೆ ಸುತ್ತಿ ಬರುವ ದಾರಿಯ ಉದ್ದಕ್ಕೂ ಅದರ ಓಟ ನಿಧಾನ. ನಿಧಾನವಾದ ನೀರಿನಿಂದ ಮಣ್ಣು ಕೆಳಗಿಳಿಯುತ್ತದೆ. ಊರಿನ ಕೈಗಾರಿಕೆ, ಬಂದರು, ದೋಣಿಗಳ ನಿಲ್ದಾಣ ಎಲ್ಲ ಇರುವುದೂ ಇದೇ ದಾರಿಯಲ್ಲಿ.

ನಮ್ಮ ದೋಣಿಯ ಅಡಿಯಲ್ಲಿ ಆ ಗಳಿಗೆಯಲ್ಲಿ ನಡೆಯುತ್ತಿದ್ದದ್ದು ಕಣ್ಣಿಗೆ ಕಾಣುವಂತಿದ್ದರೆ ಯಾರೂ ಮೊಬೈಲ್ ನೋಡುತ್ತಿರಲಿಲ್ಲ. ಜೇಡಿಮಣ್ಣಿನ ಕಣವೆಂದರೆ ಹಪ್ಪಳದಂಥ ಚಪ್ಪಟೆ ಹರಳು, ಕಣ್ಣಿಗೆ ಕಾಣದಷ್ಟು ಸಣ್ಣದು. ಕರಾವಳಿಯ ಮಣ್ಣಿನಲ್ಲಿ ಹೇರಳವಾಗಿರುವ ಕೇಯೊಲಿನೈಟ್ ಎಂಬ ಜೇಡಿಯನ್ನು ಒಂದು ಗ್ರಾಂ ತೆಗೆದು, ಅದರ ಹರಳುಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಕೋಣೆಯ ನೆಲ ತುಂಬುತ್ತದೆ. ಆ ಮೈಯ ಮೇಲೆ ಋಣ ವಿದ್ಯುದಂಶ. ನೀರಿನಲ್ಲಿ ಕರಗಿದ ಲೋಹಗಳಿಗೆ ಹೆಚ್ಚಾಗಿ ಧನ ವಿದ್ಯುದಂಶ. ಹೀಗಾಗಿ ಘಟ್ಟದಿಂದ ಇಳಿಯುವ ಪ್ರತಿ ಕಣವೂ ದಾರಿಯಲ್ಲಿ ಸಿಕ್ಕ ಲೋಹವನ್ನು ಮೈಗೆ ಅಂಟಿಸಿಕೊಳ್ಳುತ್ತ ಬರುತ್ತದೆ. ಸಿಹಿನೀರಿನಲ್ಲಿ ಈ ಕಣಗಳು ಒಂದನ್ನೊಂದು ದೂರ ತಳ್ಳಿಕೊಂಡು ತೇಲುತ್ತಿರುತ್ತವೆ. ಉಪ್ಪು ಸೋಕಿದ ಕೂಡಲೇ ಆ ತಳ್ಳಾಟ ಮುಗಿಯುತ್ತದೆ. ಹಾಲಿಗೆ ಹುಳಿ ಬಿದ್ದಂತೆ ಕಣಗಳು ಒಂದಕ್ಕೊಂದು ಅಂಟಿ, ಗುಂಪಾಗಿ, ಭಾರವಾಗಿ ಕೆಳಗೆ ಕೂರುತ್ತವೆ. ಅಳಿವೆ ಎಂದರೆ ಇದು: ನದಿಯೊಂದು ತನ್ನ ಹೊರೆಯನ್ನು ಇಳಿಸುವ ಜಾಗ. ಕಾರ್ಖಾನೆ ಎಲ್ಲಿಯೇ ಇರಲಿ, ಗ್ಯಾರೇಜು ಯಾವ ಓಣಿಯಲ್ಲೇ ಇರಲಿ, ಚರಂಡಿಗೆ ಬಿದ್ದ ಲೋಹದ ಬಹುಪಾಲು ಹುಡುಕುವುದಾದರೆ ಇಲ್ಲಿ ಹುಡುಕಬೇಕು. ನೀರಿನಲ್ಲಿ ಅಲ್ಲ, ನೀರಿನ ಕೆಳಗೆ.

ತೋಟ ಬೆಂಗ್ರೆಯಲ್ಲಿ ಇಳಿದು, ನದಿಯ ಬದಿಗೆ ನಡೆದು, ಚಪ್ಪಲಿ ಬಿಟ್ಟು ಕೆಸರಿಗೆ ಕಾಲಿಟ್ಟೆ. ಮೀನಗಂಡದವರೆಗೆ ಹೂತಿತು. ಬಗ್ಗಿ ಒಂದು ಮುಷ್ಟಿ ತೆಗೆದೆ. ಮೇಲೆ ತೆಳುವಾಗಿ, ಹಾಲಿನ ಕೆನೆಯಷ್ಟೇ ದಪ್ಪದ ಕಂದು ಪದರ. ಅದರ ಕೆಳಗೆ ಕಾಡಿಗೆಯಂಥ ಕಪ್ಪು. ಗಾಳಿಯ ಆಮ್ಲಜನಕ ತಲುಪುವುದು ಆ ಕಂದು ಪದರದವರೆಗೆ ಮಾತ್ರ. ಕೆಳಗಿರುವ ಸೂಕ್ಷ್ಮಜೀವಿಗಳು ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಉಸಿರಾಗಿ ಬಳಸಿ ಬದುಕುತ್ತವೆ; ಮೊಟ್ಟೆಯ ವಾಸನೆ ಅವುಗಳ ಉಸಿರಿನದು. ಆ ಅನಿಲ ಕಬ್ಬಿಣದ ಜೊತೆ ಸೇರಿ ಕಪ್ಪು ಸಲ್ಫೈಡ್ ಆಗುತ್ತದೆ. ಸೀಸ, ಸತು, ತಾಮ್ರ, ಕ್ಯಾಡ್ಮಿಯಂಗಳನ್ನೂ ಅದು ಹೀಗೆಯೇ ಹಿಡಿದು ಕಟ್ಟಿಹಾಕುತ್ತದೆ. ಕಾಣಲು ಇಷ್ಟು ಹೇಸಿಗೆ ಹುಟ್ಟಿಸುವ ಈ ಕಪ್ಪು ನಮ್ಮ ಪರವಾಗಿ ಎಷ್ಟು ದೊಡ್ಡ ಕೆಲಸ ಮಾಡುತ್ತಿದೆ! ಪಾದರಸದ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಅದೇ ಜೀವಿಗಳಲ್ಲಿ ಕೆಲವು ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ. ಅದು ಮೀನಿನ ಮಾಂಸಕ್ಕೆ ಸೇರಿದರೆ ಸುಲಭಕ್ಕೆ ಬಿಡುವುದಿಲ್ಲ. ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಊಟದ ತಟ್ಟೆಗೆ ಹೆಚ್ಚುತ್ತ ಹೋಗುತ್ತದೆ.

ಸ್ವಲ್ಪ ದೂರದಲ್ಲಿ ಇಬ್ಬರು ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲಿನಿಂದ ತಳ ತಡವುತ್ತಿದ್ದರು. ಮರುವಾಯಿ ಎಂಬ ಚಿಪ್ಪಿನ ಜೀವಿಯನ್ನು ಹುಡುಕುತ್ತಿದ್ದರು. ಪಾದಕ್ಕೆ ಚಿಪ್ಪು ತಾಗಿದ್ದು ತಿಳಿದ ಕೂಡಲೇ ಮುಳುಗಿ ಹೆಕ್ಕುವುದು. ಒಬ್ಬರು ದಡಕ್ಕೆ ಬಂದಾಗ ಕೇಳಿದೆ, "ಎಷ್ಟು ಸಿಕ್ಕಿತು ಅಕ್ಕ?"

"ಎಂತ ಸಿಗುವುದು ಮಾರಾಯ್ರೆ," ಅಂದರು. "ಮೊದಲೆಲ್ಲ ಕಾಲು ಇಟ್ಟಲ್ಲಿ ಉಂಟು. ಈಗ ಅಲ್ಲೊಂದು ಇಲ್ಲೊಂದು. ಕೆಲವು ಕಡೆ ತಳವೇ ಬೇರೆ ಆಗಿದೆ. ಕಾಲಿಗೆ ಗೊತ್ತಾಗ್ತದೆ."

ಕಾಲಿಗೆ ಗೊತ್ತಾಗುತ್ತದೆ ಎಂಬ ಆ ಮಾತನ್ನು ನಾನು ಇನ್ನೂ ಮರೆತಿಲ್ಲ. ಅಳಿವೆಯ ತಳವನ್ನು ಪಾದದ ಚರ್ಮದಿಂದ ಓದುವ ಇವರಿಗಿಂತ ಹಳೆಯ ಸಮೀಕ್ಷಕರು ಈ ಊರಿನಲ್ಲಿ ಇರಲಾರರು.

ಮರುವಾಯಿಯ ಬದುಕೂ ಅಷ್ಟೇ ಬೆರಗಿನದು. ಹೂಳಿನಲ್ಲಿ ಅರ್ಧ ಹುದುಗಿಕೊಂಡು, ನೀರನ್ನು ಒಳಗೆಳೆದು, ಸೋಸಿ, ಹೊರಗೆ ಬಿಡುತ್ತದೆ. ಹಗಲು ರಾತ್ರಿ ಅದೇ ಕೆಲಸ. ಆಹಾರದ ಜೊತೆ ಬಂದ ಲೋಹದಲ್ಲಿ ಒಂದಿಷ್ಟು ಅದರ ಮೈಯಲ್ಲಿ ಉಳಿಯುತ್ತದೆ. ಅದಕ್ಕೇ ಜಗತ್ತಿನ ಎಷ್ಟೋ ಕರಾವಳಿಗಳಲ್ಲಿ ವಿಜ್ಞಾನಿಗಳು ಮಾಲಿನ್ಯ ಅಳೆಯಲು ಚಿಪ್ಪಿನ ಜೀವಿಗಳನ್ನೇ ಆರಿಸುತ್ತಾರೆ. ನಮ್ಮ ಮನೆಗಳಲ್ಲಿ ಮರುವಾಯಿ ತಂದರೆ ಮೊದಲು ನೀರಿನಲ್ಲಿ ಹಾಕಿಡುತ್ತಾರೆ, ಹೊಯಿಗೆ ಉಗುಳಲಿ ಎಂದು. ಬೆಳಗ್ಗೆ ಪಾತ್ರೆಯ ತಳದಲ್ಲಿ ಮರಳು ಬಿದ್ದಿರುತ್ತದೆ. ಸುಕ್ಕ ಮಾಡಿ, ನೀರ್ದೋಸೆಯ ಜೊತೆ ತಿಂದರೆ ಅದರ ಮುಂದೆ ಇನ್ನೊಂದಿಲ್ಲ. ಮರಳು ಒಂದು ರಾತ್ರಿಯಲ್ಲಿ ಹೊರಗೆ ಬರುತ್ತದೆ. ಮಾಂಸಕ್ಕೆ ಇಳಿದ ಲೋಹ ಹಾಗೆ ಬರುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ. ಮರುವಾಯಿಯನ್ನು ನನ್ನ ಮನೆಯಲ್ಲೂ ಬಿಟ್ಟಿಲ್ಲ. ಅದು ಬೆಳೆಯುವ ಹೂಳನ್ನು ಯಾರಾದರೂ ವರ್ಷವರ್ಷವೂ ಪರೀಕ್ಷಿಸಿ, ಆ ಅಕ್ಕನಿಗೆ ಅರ್ಥವಾಗುವ ಹಾಗೆ ಹೇಳಬೇಕು ಎಂಬುದಷ್ಟೇ ನನ್ನ ಆಸೆ.

ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಗುರುಪುರ ನದಿಯ ಎರಡೂ ದಡಗಳಲ್ಲಿ ಬೋಟುಗಳು ಸಾಲುಗಟ್ಟಿ ನಿಲ್ಲುತ್ತವೆ. ಕೆಲವನ್ನು ಮೇಲೆಳೆದು ರಿಪೇರಿ ಮಾಡುತ್ತಾರೆ. ರಜೆಯಲ್ಲದಿದ್ದರೂ ನಾನು ಹೋದಾಗ ಒಂದು ಬೋಟಿನ ಅಡಿ ಕೆರೆಯುತ್ತಿದ್ದರು. ಕಚ್ಚಿಕೊಂಡ ಚಿಪ್ಪುಗಳ ಜೊತೆ ಹಳೆಯ ಬಣ್ಣ ಕಂದು ಹುಡಿಯಾಗಿ ಉದುರುತ್ತಿತ್ತು. ಬೋಟಿನ ತಳಕ್ಕೆ ಬಳಿಯುವ ಬಣ್ಣದಲ್ಲಿ ತಾಮ್ರವಿರುತ್ತದೆ. ಚಿಪ್ಪು, ಪಾಚಿ ಅಂಟದಿರಲಿ ಎಂದೇ ಅದನ್ನು ಹಾಕುವುದು. ಅಂದರೆ ಅದು ಕೊಲ್ಲಲೆಂದೇ ಇರುವ ತಾಮ್ರ. ಕಬ್ಬಿಣದ ಬೋಟುಗಳಿಗೆ ಸತುವಿನ ತುಂಡುಗಳನ್ನೂ ಕಟ್ಟುತ್ತಾರೆ. ಉಪ್ಪುನೀರು ಕಬ್ಬಿಣವನ್ನು ತಿನ್ನುವ ಬದಲು ಸತುವನ್ನು ತಿಂದು ಮುಗಿಸಲಿ ಎಂದು. ತಿಂದದ್ದು ಹೋಗುವುದೆಲ್ಲಿಗೆ? ಕೆಳಗೆ. ಹಿಂದೆ ದೊಡ್ಡ ಹಡಗುಗಳ ಬಣ್ಣದಲ್ಲಿ ತವರದ ಒಂದು ಸಂಯುಕ್ತವೂ ಇತ್ತು. ಅದು ಶಂಖದ ಹುಳುಗಳ ಲಿಂಗವನ್ನೇ ಏರುಪೇರು ಮಾಡುತ್ತದೆ ಎಂದು ಗೊತ್ತಾದ ಮೇಲೆ ಜಗತ್ತಿನ ದೇಶಗಳು 2001ರಲ್ಲಿ ಒಪ್ಪಂದ ಮಾಡಿಕೊಂಡವು; 2008ರಲ್ಲಿ ನಿಷೇಧ ಜಾರಿಗೆ ಬಂತು. ಬೋಟಿನ ಅಡಿ ಕೆರೆಯುತ್ತಿದ್ದ ಹುಡುಗ ಮೂಗಿಗೆ ಬೈರಾಸು ಕಟ್ಟಿಕೊಂಡಿದ್ದ. ಕೆಳಗೆ ಒಂದು ಟಾರ್ಪಾಲು ಹಾಸಿ, ಉದುರಿದ ಹುಡಿಯನ್ನು ಕೂಡಿಹಾಕುವುದು ಕಷ್ಟದ ಕೆಲಸವೇನಲ್ಲ. ಆದರೆ ಅದು ಬೇಕು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಪೇಟೆಯ ಬದಿಗೆ ಮರಳಿ, ಸುಲ್ತಾನ್ ಬತ್ತೇರಿಯಿಂದ ಇನ್ನೊಂದು ದೋಣಿ ಹಿಡಿದು ತಣ್ಣೀರುಬಾವಿಗೆ ದಾಟಿದೆ. ಮರಳಿನಲ್ಲಿ ಕೂತು ಕಿಸೆಯಿಂದ ಅಯಸ್ಕಾಂತ ತೆಗೆದೆ. ಮಕ್ಕಳ ಆಟದ ಸಾಮಾನು. ಮರಳಿನಲ್ಲಿ ಎರಡು ಸಲ ಎಳೆದರೆ ಸಾಕು, ಕಪ್ಪು ಕಣಗಳ ಮೀಸೆ ಮೂಡುತ್ತದೆ. ಘಟ್ಟದ ಬಂಡೆಗಳಲ್ಲಿದ್ದ ಕಬ್ಬಿಣದ ಅದಿರು ಅದು. ಮಳೆ, ತೊರೆ, ನದಿಯ ಕೈ ದಾಟಿ ಇಲ್ಲಿಗೆ ಬಂದದ್ದು. ಇಲ್ಲಿಂದ ತುಸು ಬಡಗಣದ ಪಣಂಬೂರಿಗೆ ಅದೇ ಅದಿರು ಇನ್ನೊಂದು ದಾರಿಯಿಂದಲೂ ಬಂತು. ಕುದುರೆಮುಖದ ಬೆಟ್ಟ ಅಗೆದು, ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಕಡಲತಡಿಗೆ ಇಳಿಸಿದರು. ಬೆಟ್ಟದಲ್ಲಿ ಉಳಿದ ರಾಡಿಯನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಬೇಕಾಯಿತು. ಭದ್ರಾ ನದಿಗೆ ಇಳಿಯುತ್ತಿದ್ದ ಹೂಳಿನ ಮಾತು ನ್ಯಾಯಾಲಯದವರೆಗೆ ಹೋಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಹೂಳಿನ ಮಾತೂ ಸೇರಿ ಒಂದು ಬೆಟ್ಟ ಉಳಿಯಿತು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಮಣ್ಣನ್ನು ತೂಗಿ ನೋಡಿ, ಅಳೆದು, ವಾದಿಸಿದವರು ಇದ್ದರು ಅಂದಾಯಿತು.

ಅಯಸ್ಕಾಂತ ಆಟಕ್ಕೆ ಮಾತ್ರವಲ್ಲ. ಕಲ್ಲಿದ್ದಲಿನ ಹಾರುಬೂದಿ, ತುಕ್ಕು, ವಾಹನದ ಹೊಗೆ, ಇವುಗಳಲ್ಲೂ ಕಾಂತಗುಣದ ಸೂಕ್ಷ್ಮ ಕಣಗಳಿರುತ್ತವೆ. ಹೂಳಿನ ಕಾಂತಗುಣ ಅಳೆದು ಮಾಲಿನ್ಯದ ಜಾಡು ಹಿಡಿಯುವ ವಿದ್ಯೆಯೇ ಬೆಳೆದಿದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನ ವಿಭಾಗದವರು ಈ ಕೆಲಸದಲ್ಲಿ ಹೆಸರಾದವರು. ನೇತ್ರಾವತಿ-ಗುರುಪುರ ಅಳಿವೆಯ ಹೂಳಿನ ಲೋಹಗಳನ್ನೂ ದಶಕಗಳ ಹಿಂದಿನಿಂದ ಅಳೆಯುತ್ತ ಬಂದಿದ್ದಾರೆ.

ಅವರ ಕೆಲಸ ಎಷ್ಟು ತೊಡಕಿನದು ಎಂದು ತಿಳಿಯಬೇಕಾದರೆ ಯಾವುದಾದರೂ ಮುರಕಲ್ಲಿನ ಕೋರೆಯ ಎದುರು ನಿಲ್ಲಬೇಕು. ಕರಾವಳಿಯ ಗುಡ್ಡಗಳೇ ಕಬ್ಬಿಣದ ಕೆಂಪು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ ಬಂಡೆಯ ಕರಗುವ ಅಂಶವನ್ನೆಲ್ಲ ಒಯ್ದು, ಕಬ್ಬಿಣ, ಅಲ್ಯೂಮಿನಿಯಂಗಳನ್ನು ಉಳಿಸಿದ್ದರಿಂದ ಆದ ಕಲ್ಲು ಅದು. ಕ್ರೋಮಿಯಂ, ನಿಕ್ಕಲ್ ಕೂಡ ಇಂಥ ಮಣ್ಣಿನಲ್ಲಿ ಸಹಜವಾಗಿಯೇ ಇರಬಹುದು. ಹೂಳಿನಲ್ಲಿ ಲೋಹ ಸಿಕ್ಕ ಮಾತ್ರಕ್ಕೆ ಅದು ಮನುಷ್ಯ ಹಾಕಿದ್ದು ಎನ್ನುವಂತಿಲ್ಲ. ಗುಡ್ಡದ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಬಿಡಿಸಬೇಕು. ಅದಕ್ಕೆ ಅಲ್ಯೂಮಿನಿಯಂ ಜೊತೆ ಹೋಲಿಸಿ ನೋಡುವ ಕ್ರಮವಿದೆ. ಜರ್ಮನಿಯ ಮ್ಯುಲರ್ ರೈನ್ ನದಿಯ ಹೂಳಿಗಾಗಿ ರೂಪಿಸಿದ ಸೂಚ್ಯಂಕವಿದೆ. ಇಂದಿಗೂ ಅದನ್ನು ಬಳಸುತ್ತಾರೆ.

ಇನ್ನೊಂದು ವಿದ್ಯೆಯ ಬಗ್ಗೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕದಡದ ಜಾಗದಲ್ಲಿ ಕೊಳವೆಯೊಂದನ್ನು ಹೂಳಿಗೆ ಇಳಿಸಿ, ಮೇಲೆತ್ತಿ, ಸೌತೆಕಾಯಿ ಹೆಚ್ಚಿದಂತೆ ಸೆಂಟಿಮೀಟರಿಗೊಂದು ಬಿಲ್ಲೆ ಮಾಡುತ್ತಾರೆ. ಗಾಳಿಯಿಂದ ಸದಾ ಬೀಳುತ್ತಿರುವ ಸೀಸ-210 ಎಂಬ ವಿಕಿರಣಶೀಲ ಸೀಸ ಸುಮಾರು 22 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಎಷ್ಟು ಉಳಿದಿದೆ ಎಂದು ನೋಡಿ ಬಿಲ್ಲೆಯ ವಯಸ್ಸು ಹೇಳಬಹುದು. ಸೀಸಿಯಂ-137 ಹೆಚ್ಚಾಗಿ ಕಂಡರೆ ಅದು 1963ರ ಸುಮಾರಿನ ಪದರ. ಜಗತ್ತು ಆಕಾಶದಲ್ಲಿ ಅಣುಬಾಂಬು ಪರೀಕ್ಷೆ ಮಾಡುತ್ತಿದ್ದ ಕಾಲದ ಬೂದಿ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತದ್ದು 2000ದ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ ಹಂಪನಕಟ್ಟೆಯಲ್ಲಿ ಓಡಾಡಿದ ಸ್ಕೂಟರು, ಅಂಬಾಸಿಡರುಗಳು ಬಿಟ್ಟ ಸೀಸ ಮಾಯವಾಗಿಲ್ಲ. ಮಳೆಗೆ ಇಳಿದು, ತೋಡು ಸೇರಿ, ಕೆರೆ-ಹೊಳೆಗಳ ತಳ ಕಂಡಿತು. ನಮ್ಮ ತಂದೆಯ ಸ್ಕೂಟರಿನ ಒಂದು ಕಣ ಗುರುಪುರ ನದಿಯ ಯಾವುದೋ ಪದರದಲ್ಲಿ ಇದ್ದೇ ಇದೆ ಎಂದುಕೊಂಡು ಆ ರಾತ್ರಿ ಮಲಗಿದ್ದೆ.

ತಣ್ಣೀರುಬಾವಿಯಿಂದ ಹೊರಟು ಮಧ್ಯಾಹ್ನ ಬಸ್ಸಿನಲ್ಲಿ ಮರವೂರಿಗೆ ಹೋದೆ. ಅಲ್ಲಿ ಗುರುಪುರ ನದಿಯ ಕಿಂಡಿ ಅಣೆಕಟ್ಟಿನ ಹಿಂದೆ ನೀರು ನಿಂತಿತ್ತು. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು, ಕೆಳಗಿನ ಮಂದಾರ ಎಂಬಲ್ಲಿ ಅಡಿಕೆ ತೋಟಗಳನ್ನೂ ಮನೆಗಳನ್ನೂ ಮುಚ್ಚಿಬಿಟ್ಟಿತು. ತುಳುವಿನಲ್ಲಿ ಮಂದಾರ ರಾಮಾಯಣ ಬರೆದ ಮಂದಾರ ಕೇಶವ ಭಟ್ಟರ ಊರು ಅದು. ನಾವು ಎಸೆದ ಬ್ಯಾಟರಿ, ಟ್ಯೂಬ್‌ಲೈಟು, ಬಣ್ಣದ ಡಬ್ಬಗಳು ಅಂಥ ಗುಡ್ಡದಲ್ಲಿ ಕೊಳೆತ ರಸದಲ್ಲಿ ನೆನೆಯುತ್ತವೆ. ರಸ ಇಳಿಜಾರು ಹುಡುಕುತ್ತದೆ, ಆ ಇಳಿಜಾರು ಈ ನದಿಗೆ. ಅಣೆಕಟ್ಟಿನ ಹಲಗೆಯ ಹಿಂದೆ ನಿಂತ ನೀರು ಎಂದರೆ ಹೂಳು ಕೂರಲು ಹಾಸಿದ ಹಾಸಿಗೆ. ಹೆಚ್ಚು ಹೊತ್ತು ಅಲ್ಲಿ ನಿಲ್ಲಲಾಗಲಿಲ್ಲ.

ಸಂಜೆಗೆ ಜೆಪ್ಪು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಎರಡು ನದಿಗಳ ದಡದ ಜೇಡಿಮಣ್ಣು ಇದಕ್ಕೆ ಮೂಲಧನ. ಹಡಗಿನಲ್ಲಿ ಬರ್ಮಾ, ಸಿಲೋನ್, ಪೂರ್ವ ಆಫ್ರಿಕದವರೆಗೆ ಹೋದ ಕೆಂಪು ಹಂಚು ಅಂದರೆ ನೇತ್ರಾವತಿ, ಗುರುಪುರಗಳ ಹೂಳೇ. ಮಂಗಳೂರು ತನ್ನ ಕೆಸರನ್ನು ಸುಟ್ಟು ಲೋಕದ ತಲೆಯ ಮೇಲೆ ಹೊದಿಸಿತು! ಈಗ ಬಹುಪಾಲು ಹಂಚಿನ ಕಾರ್ಖಾನೆಗಳ ಹೊಗೆಗೂಡುಗಳು ತಣ್ಣಗಾಗಿವೆ. ಅಲ್ಲಿಂದ ಗುಜ್ಜರಕೆರೆಗೆ ಕಾಲ್ನಡಿಗೆಯ ದಾರಿ. ಒಳಚರಂಡಿಯ ನೀರು ಸೇರುತ್ತಿದೆ ಎಂದು ಸುತ್ತಲಿನವರು ವರ್ಷಗಟ್ಟಲೆ ಹೇಳಿಕೊಂಡು ಬಂದ ಕೆರೆ. ಈಗ ಸುತ್ತ ನಡೆಯುವ ದಾರಿ, ಕಟ್ಟೆ, ದೀಪ ಇವೆ. ಜನ ಗಾಳಿಗೆ ಬಂದಿದ್ದರು. ನನ್ನ ಕಣ್ಣು ಮಾತ್ರ ನೀರಿನ ಕೆಳಗಿತ್ತು. ಕೆರೆಗೆ ಅಳಿವೆಯಂತೆ ದಿನಕ್ಕೆರಡು ಸಲ ಉಸಿರಾಡುವ ಭಾಗ್ಯವಿಲ್ಲ. ಬಂದದ್ದೆಲ್ಲ ಅಲ್ಲೇ ಉಳಿಯಬೇಕು. ಹೂಳೆತ್ತಿದರೆ ಆ ಮಣ್ಣನ್ನು ಎಲ್ಲಿ ಹಾಕಿದರು ಎಂಬುದನ್ನು ಹೂಳೆತ್ತಿದ ಸುದ್ದಿಯಷ್ಟೇ ದೊಡ್ಡದಾಗಿ ಕೇಳಬೇಕು. ಯಾರದೋ ತೆಂಗಿನ ತೋಟಕ್ಕೆ ಗೊಬ್ಬರವೆಂದು ಹೋದರೆ?

ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎಂದು ನಮ್ಮಲ್ಲಿ ಮಾನಕವಿದೆ. ಹೂಳಿಗೆ ನಮ್ಮದೇ ಆದ ಇಂಥ ಅಳತೆಗೋಲಿಲ್ಲದೆ ಸಂಶೋಧಕರು ಅಮೆರಿಕ, ಕೆನಡಾಗಳ ಪಟ್ಟಿ ಮುಂದಿಟ್ಟುಕೊಂಡು ಹೋಲಿಸುತ್ತಾರೆ. ಮುರಕಲ್ಲಿನ ನಾಡಿನ ಕೆಸರನ್ನು ಹಿಮದ ನಾಡಿನ ಕೋಲಿನಿಂದ ಅಳೆಯುವುದು ನನಗೆ ಸರಿಕಾಣುವುದಿಲ್ಲ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಕೊಲ್ಲಿಯ ತಳ ಸೇರಿ, ಮೀನಿನ ಮೂಲಕ ಮನುಷ್ಯರ ನರಗಳನ್ನು ಕೆಡಿಸಿದ್ದು 1956ರಲ್ಲಿ ಬೆಳಕಿಗೆ ಬಂತು. ಆ ಹೂಳನ್ನು ಎತ್ತಿ, ಮುಚ್ಚಿ, ಮೇಲೆ ಹೊಸ ನೆಲ ಮಾಡಿ ಮುಗಿಸುವಾಗ 1990. ಮಂಗಳೂರು ಮಿನಮಾಟವಲ್ಲ. ಆದರೆ ಇಲ್ಲೂ ಹೂಳೆತ್ತುವ ಮಾತಿದೆ. ಅಳಿವೆ ಬಾಗಿಲಿನಲ್ಲಿ ಹೂಳು ತುಂಬಿ ಬೋಟು ಮಗುಚುತ್ತದೆ, ತೆಗೆಯಿರಿ ಎಂದು ಮೀನುಗಾರರು ಕೇಳುವುದು ನ್ಯಾಯವಾದದ್ದೇ; ಜೀವದ ಪ್ರಶ್ನೆ ಅದು. ತೆಗೆಯುವ ಮುಂಚೆ ಒಂದು ಬಿಲ್ಲೆ ಪ್ರಯೋಗಾಲಯಕ್ಕೆ ಹೋಗಲಿ ಎನ್ನುವುದೂ ಜೀವದ ಪ್ರಶ್ನೆಯೇ.

ಬೆಂಗ್ರೆಯಿಂದ ಒಂದು ಗಾಜಿನ ಭರಣಿಯಲ್ಲಿ ಕೆಸರು ಮತ್ತು ನದಿಯ ನೀರು ತುಂಬಿಸಿ ತಂದಿದ್ದೆ. ಮನೆಯಲ್ಲಿ ಚೆನ್ನಾಗಿ ಕುಲುಕಿ, ಮುಚ್ಚಳ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ನಿಮಿಷದೊಳಗೆ ಹೊಯಿಗೆ ಕೂತಿತು. ಉಪ್ಪುನೀರಾದ್ದರಿಂದ ಜೇಡಿಯೂ ಬೇಗ ಮುದ್ದೆಗಟ್ಟಿ ಇಳಿಯಿತು. ಬೆಳಗಾಗುವಾಗ ಮೇಲಿನ ನೀರು ಕನ್ನಡಿಯಷ್ಟು ತಿಳಿ, ಕೆಳಗೆ ಕಪ್ಪು. ನಾಲ್ಕನೆಯ ದಿನ ಮಗಳು ಕರೆದು ತೋರಿಸಿದಳು. ಕಪ್ಪಿನ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ದಪ್ಪಕ್ಕೆ ಕಂದು ಬಣ್ಣ ಮೂಡಿತ್ತು, ಹಂಚಿನ ಬಣ್ಣ. ಗಾಳಿ ಅಷ್ಟು ಒಳಗೆ ತಲುಪಿ, ಕಬ್ಬಿಣ ತುಕ್ಕಾಗಿ, ಸಲ್ಫೈಡ್ ತನ್ನ ಹಿಡಿತ ಸಡಿಲಿಸಿತ್ತು. ಅದು ಬಿಟ್ಟುಕೊಟ್ಟದ್ದರಲ್ಲಿ ಎಷ್ಟು ತುಕ್ಕಿಗೆ ಅಂಟಿತು, ಎಷ್ಟು ಮೇಲಿನ ತಿಳಿನೀರಿಗೆ ಏರಿತು ಎಂದು ಕಣ್ಣಿಗೆ ಹೇಳಲಾಗದು.

"ಅಪ್ಪ, ಇದು ಬದುಕಿದೆಯಾ?" ಅಂದಳು. ಇಬ್ಬರೂ ಭರಣಿಯ ಮುಂದೆ ಕೂತೆವು.